ಹದಿಮೂರನೆಯ ತಿಂಗಳ ಆರನೆಯ ದಿನ

ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು.
ಕೊನೆಯದು ಪಗುಮೆ, ಐದೇ ದಿನದ ಕೂಸು,
ನಾಲ್ಕು ವರ್ಷಕ್ಕೊಮ್ಮೆ, ಲೂಕನ ವರ್ಷದಲ್ಲಿ, ಆರು.
ಸಂಬಳದ ಲೆಕ್ಕಕ್ಕೆ ಅದಿಲ್ಲ, ಬಾಡಿಗೆಯ ಲೆಕ್ಕಕ್ಕೂ ಇಲ್ಲ.
ಮನೆಯೊಡತಿ ಯೆಶಿಮೆಬೆತ್ ಕೂಡ
ಈ ದಿನಗಳಲ್ಲಿ ನನ್ನ ಬಾಗಿಲು ದಾಟುವಾಗ
ಕೆಮ್ಮುವುದಿಲ್ಲ.

ದೆಸ್ಸಿಯ ಕೋರ್ಟಿನೆದುರು, ನೀಲಿ ತಾಡಪಾಲಿನಡಿ,
ಇಪ್ಪತ್ತಾರು ವರ್ಷದಿಂದ ಅರ್ಜಿ ಹೊಡೆಯುತ್ತೇನೆ.
ಹೆಸರು ತೆಸೆಮಾ. ‘ಕೇಳಿಸಿತು’ ಎಂದರ್ಥ.
ಅಪ್ಪ ಇಟ್ಟದ್ದು. ಯಾರಿಗೆ ಏನು ಕೇಳಿಸಿತೋ,
ಕೇಳೋಣವೆಂದರೆ ಅವನಿಲ್ಲ.

ಈ ವರ್ಷ ಏನೇನು ಹೊಡೆದೆ?
ಮೇಕೆ ಕಳವು. ಜೀವನಾಂಶ.
ಗೋಡೆ ಬಿದ್ದದ್ದು, ಗೋಡೆ ಎದ್ದದ್ದು.
ಸತ್ತ ಗಂಡನ ಮೇಲೆಯೇ ದೂರು ಕೊಡಬೇಕೆಂದು
ಒಬ್ಬಾಕೆ ಹಟ ಹಿಡಿದಳು,
ಅದನ್ನೂ ಹೊಡೆದುಕೊಟ್ಟೆ, ಅರ್ಧ ದರಕ್ಕೆ.
ವರ್ಷ ಉರುಳಿತು ಅನ್ನುತ್ತಾರೆ ಜನ.
ನನಗದು ಮೂರು ರಿಬ್ಬನ್ನು.

ಪಗುಮೆಯ ಮೂರನೆಯ ದಿನ ರುಫಾಯೇಲ್ ದೇವದೂತನದು,
ಅವತ್ತಿನ ಮಳೆ ತೀರ್ಥ.
ಓಣಿಯ ಮಕ್ಕಳೆಲ್ಲ ಬತ್ತಲೆ ಕುಣಿದರು.
ನಾನು ತಾಡಪಾಲಿನಾಚೆ ಹತ್ತೂ ಬೆರಳು ಚಾಚಿದೆ.
ಇಂಕಿನ ಕಲೆ ಹೋಗಲಿಲ್ಲ.

ಆರನೆಯ ದಿನ ಕೋರ್ಟಿಗೆ ಬೀಗ, ಬೀದಿ ಖಾಲಿ.
ಹೀಗೆಯೇ ಒಂದು ಆರನೆಯ ದಿನ, ನಾಲ್ಕು ವರ್ಷದ ಹಿಂದೆ,
ಹೊಡೆಸಿದವರಿಲ್ಲದೆ ಒಂದು ಅರ್ಜಿ ಹೊಡೆದಿದ್ದೆ.
ಅರ್ಜಿದಾರ: ತೆಸೆಮಾ.
ಪ್ರತಿವಾದಿ: ಅಸ್ಫಾವ್, ಅದೇ ತಂದೆಯ ಮಗ.
ತಕರಾರು: ಬೇಲಿಯ ಮೇಲಿನ ಹನ್ನೊಂದು ನೀಲಗಿರಿ.
ಇಷ್ಟು ಚೆಂದದ ಅರ್ಜಿ ಮತ್ತೆ ಹೊಡೆದಿಲ್ಲ.
ಗೆದ್ದೆ.
ಮರ ಕಡಿಸಿದೆ, ಮಾರಿದೆ,
ಈ ಯಂತ್ರಕ್ಕೆ ಹೊಸ ರೋಲರು ಹಾಕಿಸಿದೆ.

ನೀಲಗಿರಿ ಮಾತ್ರ ಹಟಮಾರಿ.
ಕಡಿದ ಬುಡಕ್ಕೆ ಒಂದಲ್ಲ, ನಾಲ್ಕು ನಾಲ್ಕು ಕುಡಿ.
ಈಗ ನನ್ನೆತ್ತರ ದಾಟಿವೆ.
ಚಿಗುರು ಯಾರದೆಂದು ತೀರ್ಪಿನಲ್ಲಿಲ್ಲ,
ಹುಡುಕಿ ನೋಡಿದ್ದೇನೆ.

ಹಾಳೆ ಸಿಕ್ಕಿಸಿದೆ.
ಕೈ ತನ್ನಷ್ಟಕ್ಕೆ ಓಡಿತು:
‘ಘನ ನ್ಯಾಯಾಲಯದ ಸನ್ನಿಧಿಗೆ.’
ಎಳೆದು ಮುದುರಿದೆ. ಇನ್ನೊಂದು ಹಾಳೆ.
ನಮ್ಮ ನುಡಿಯಲ್ಲಿ ‘ತಮ್ಮ’ ಎಂದು ಹೊಡೆದರೆ
ಈ ಯಂತ್ರದಲ್ಲಿ ಮೊದಲಕ್ಷರ ಮೂಡುವುದಿಲ್ಲ,
ಅಚ್ಚು ಸವೆದಿದೆ.
ಪೆನ್ನಿನಿಂದ ತಿದ್ದಿದೆ.
‘ಮನ್ನಾ ಮಾಡು’ ಎಂದು ಹೊಡೆದೆ. ಅದು ಕೋರ್ಟಿನ ಮಾತು,
ಸಾಲಕ್ಕೆ, ದಂಡಕ್ಕೆ.
ಅವ್ವ ಹೇಳುತ್ತಿದ್ದದ್ದು ಬೇರೆ:
ಹೊಟ್ಟೆಗೆ ಹಾಕಿಕೋ.
ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಹೊಡೆದ ಮಾತಲ್ಲ,
ಬೆರಳಿಗೆ ದಾರಿ ಗೊತ್ತಿಲ್ಲ.
ಕತ್ತಲಾಯಿತು. ನಾಲ್ಕು ಸಾಲು.
ಮಡಚಿ ಜೇಬಿಗಿಟ್ಟೆ.

ಹೊಸ ವರ್ಷದ ಬೆಳಿಗ್ಗೆ ಮಳೆ ನಿಂತಿತ್ತು.
ಹಸಿ ಹುಲ್ಲು, ಹಳದಿ ಅದೆ ಹೂವು ಹಿಡಿದು
ಹುಡುಗಿಯರ ಹಿಂಡು ಮನೆ ಮನೆಗೆ,
ಒಬ್ಬಳ ಕೈಯಲ್ಲಿ ಪುಟ್ಟ ಡೋಲು.
ಕೊನೆಯಲ್ಲಿದ್ದವಳು ನಕ್ಕಳು.
ಮುಂದಿನ ಎರಡು ಹಲ್ಲಿನ ನಡುವೆ
ಅವ್ವನದೇ ಸಂದು.
‘ಯಾರ ಮಗಳು?’
‘ಅಸ್ಫಾವ್ ಅವರ ಫಿಕಿರ್ತೆ.’
ಅವಳಿಗೆ ನನ್ನ ಗುರುತಿಲ್ಲ.
ಕೇಸಿನ ಕಾಲಕ್ಕೆ ತೊಟ್ಟಿಲು ಬಿಟ್ಟಿದ್ದಳಷ್ಟೆ.

ಹತ್ತು ಬಿರ್‌ನ ನೋಟು ಕೊಟ್ಟೆ. ಹೂವು ಇಸಿದುಕೊಂಡೆ.
ಪತ್ರ ಕೊಡಲಿಲ್ಲ.
‘ಅಪ್ಪನಿಗೆ ಹೇಳು,’ ಅಂದೆ,
‘ಬೇಲಿಯ ಬುಡಗಳು ಚಿಗುರಿವೆ ಅಂತ.’
‘ಯಾರು ಹೇಳಿದರು ಅಂದರೆ?’
‘“ಕೇಳಿಸಿತು” ಅನ್ನು.’
ಹುಚ್ಚನನ್ನು ನೋಡುವಂತೆ ನೋಡಿ
ಡೋಲಿನ ಹಿಂದೆ ಓಡಿದಳು.

ಕೋರ್ಟು ತೆರೆದ ದಿನ ಮೊದಲ ಗಿರಾಕಿ,
ಪಾಲಿನ ಜಗಳವೇ.
ರಿಬ್ಬನ್ನು ಹೊಸದು, ಕಪ್ಪು ಮಿರಿಮಿರಿ.
ಹೂವನ್ನು ರೋಲರಿನ ಪಕ್ಕ ಸಿಕ್ಕಿಸಿದ್ದೆ.
ತಾರೀಕು ಹೊಡೆದು ನೋಡುತ್ತೇನೆ, ಹಳೆಯ ವರ್ಷ.
ಗೀಟು ಹಾಕಿ ಮೇಲೆ ಹೊಸದು ಬರೆದೆ.
‘ಹಾಳೆ ಬದಲಾಯಿಸಲೇ?’ ಅಂದರೆ
ಇರಲಿ ಬಿಡಿ, ಅಂದ ಗಿರಾಕಿ,
ನನಗೂ ಹಾಗೇ ಆಗುತ್ತಿದೆ.