ಮೊದಲ ಸಲ ಬಂದವಳಿಗೆ, ಬಾಗಿಲಲ್ಲಿ

ಕಾರು ಎಲ್ಲಿ ನಿಲ್ಲಿಸಿದೆ, ನೆನಪಿಟ್ಟುಕೋ.
ಮೊನ್ನೆಯವರೆಗೆ ಅದು ದನ ಮೇಯುವ ಬಯಲು.
ಸಾಲುಗಳಿಗೆ ನಂಬರಿಲ್ಲ, ಕೋಲಿಗೆ ಕಟ್ಟಿದ ಬಣ್ಣದ ಚಿಂದಿ ಅಷ್ಟೆ,
ಸಂಜೆಯ ಧೂಳಿಗೆ ಎಲ್ಲ ಚಿಂದಿಯೂ ಒಂದೇ ಬಣ್ಣ.

ಈ ಬಾಗಿಲಲ್ಲಿ ಹತ್ತೊಂಬತ್ತು ವರ್ಷದಿಂದ ನಿಂತಿದ್ದೇನೆ,
ಆಗಸ್ಟ್ ಕೊನೆಯಿಂದ ಏಳು ವಾರ, ಶನಿವಾರ ಭಾನುವಾರ.
ನೀನು ಬಾಯಿಬಿಟ್ಟು ನೋಡುತ್ತಿರುವ ಕೋಟೆ
ಬರೀ ಪ್ಲೈವುಡ್ಡು. ಕಲ್ಲಿನ ಗೆರೆ ಎಳೆದವಳು ನಾನೇ,
ಮನೆ ಗ್ಯಾರೇಜಿಗೆ ಹೊಡೆದು ಉಳಿದ ಬೂದು ಬಣ್ಣದಲ್ಲಿ.
ಒರಗಬೇಡ.

ಒಳಗೆ ಕಾಲಿಟ್ಟ ಕೂಡಲೇ ಯಾರೋ ಟೋಪಿ ತೆಗೆದು
‘ದೊರೆಸಾನಿ’ ಎನ್ನುತ್ತಾರೆ.
ಹಿಂತಿರುಗಿ ನೋಡಬೇಡ, ನಿನ್ನನ್ನೇ.
ಓಹಾಯೋದ ಮೂಗಿನಿಂದ ಇಂಗ್ಲೆಂಡಿನ ಮಾತು:
ಮೊದಲ ಅರ್ಧ ಗಂಟೆ ಕಿವಿಗೆ ಮುಳ್ಳು,
ಆಮೇಲೆ ನೀನೂ ಶುರು ಮಾಡುತ್ತೀ.
ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೆ?

ಹನ್ನೊಂದಕ್ಕೆ ರಾಣಿಯ ಮೆರವಣಿಗೆ. ಬಗ್ಗು.
ಉಳಿದ ದಿನ ಅವಳು ಕೌಂಟಿ ಕಚೇರಿಯಲ್ಲಿ
ನಾಯಿಗಳಿಗೆ ಲೈಸೆನ್ಸು ಬರೆದುಕೊಡುವ ಕಾರ್ಲೀನ್ ಓಸ್ಟರ್‌ಹೌಟ್.
ಹದಿನಾಲ್ಕು ಕಿಲೋ ಮಖಮಲ್ಲಿನ ಲಂಗದೊಳಗೆ
ಸೊಂಟಕ್ಕೆ ಐಸಿನ ಚೀಲ ಕಟ್ಟಿಕೊಂಡಿರುತ್ತಾಳೆ.
ಆದರೂ ಆ ಕತ್ತು ನೋಡು.
ಮಂಗಳವಾರವೂ ಅದು ಹಾಗೇ ನಿಂತಿರುತ್ತದೆ,
ನನ್ನ ನಾಯಿಯ ಕಾಗದ ಹಿಡಿದು ಸರದಿಯಲ್ಲಿ ಕಂಡಿದ್ದೇನೆ.

ಟರ್ಕಿ ಕೋಳಿಯ ಕಾಲು ತಿನ್ನದೆ ನೀನು ಹೋಗುವುದಿಲ್ಲ, ಗೊತ್ತು.
ಮೊಣಕೈವರೆಗೆ ಜಿಡ್ಡು. ಒರೆಸಲು ಕಾಗದ ಕೇಳಿದರೆ
‘ಅದನ್ನಿನ್ನೂ ಯಾರೂ ಕಂಡುಹಿಡಿದಿಲ್ಲ’ ಎನ್ನುತ್ತಾನೆ ಹುಡುಗ,
ಮರದ ಪೆಟ್ಟಿಗೆಯಿಂದ ಕಾರ್ಡಿನ ಯಂತ್ರ ತೆಗೆಯುತ್ತಾ.
ಆ ಕಾಲದ ಬಡವರು ಇದರ ಮುಖ ಕಂಡಿರಲಿಲ್ಲ ಎಂದು
ಇತಿಹಾಸದ ಮೇಷ್ಟರೊಬ್ಬರು ಪ್ರತಿ ವರ್ಷ ಹೇಳುತ್ತಾರೆ,
ಹೇಳುತ್ತಲೇ ಎರಡನೆಯದನ್ನು ಕೊಳ್ಳುತ್ತಾರೆ.

ಜೇನಿನ ಮದ್ಯದ ಲೋಟ ಮುಚ್ಚಿಟ್ಟುಕೋ, ಕಣಜದ ಹುಳು.
ನೀಲಿ ಶೌಚಾಲಯಕ್ಕೆ ಮಧ್ಯಾಹ್ನದ ಮೊದಲೇ ಹೋಗಿ ಬಾ.
ಆ ಕಾಲದ್ದೇ ಅನುಭವ ಬೇಕಿದ್ದರೆ ಆಮೇಲೆ ಹೋಗು.

ಮೂರಕ್ಕೆ ಭರ್ಜಿ ಕಾಳಗ.
ಯಾರು ಗೆಲ್ಲುತ್ತಾರೆಂದು ಕುದುರೆಗಳಿಗೂ ಗೊತ್ತು.
ಬೀಳುವವನು ಟೋಬಿನ್ ಷ್ರೋಕ್, ಎರಡು ಸಲ ಭುಜ ಕಳಚಿದವನು.
ಸೋಲು ಸುಳ್ಳು, ಬೀಳುವುದು ಸುಳ್ಳಲ್ಲ.
ಮೂವತ್ತು ಕಿಲೋ ಕಬ್ಬಿಣ ತೊಟ್ಟು ಕುದುರೆಯ ಬೆನ್ನಿಂದ,
ನೆಲಕ್ಕೆ ನಾಟಕ ಬರುವುದಿಲ್ಲ.

ಓಕ್ ಮರದಾಚೆ ಒಂದು ಕೆಸರಿನ ಗುಂಡಿ ಇದೆ,
ನಕ್ಷೆಯಲ್ಲಿ ಸಿಗುವುದಿಲ್ಲ.
ಅಲ್ಲಿ ವರ್ಜಿಲ್ ಸ್ಟಾಕ್‌ವೆಲ್ ತಿರುಕನಾಗಿ ಕೂರುತ್ತಿದ್ದ,
ಕೆಸರು ಮುಕ್ಕಿ, ಕೆಸರು ಉಗುಳಿ, ಕೆಸರಲ್ಲಿ ಅಂಗಾತ ಈಜಿ.
ನಾಣ್ಯ ಎಸೆದರೆ ಒಂದು ಬೈಗುಳ,
ನೋಟು ಎಸೆದರೆ ಮೂರು ತಲೆಮಾರಿಗೂ ಸೇರಿಸಿ.
ಮಕ್ಕಳು ಮಾರನೆಯ ದಿನವೂ ಬರುತ್ತಿದ್ದರು ಬೈಸಿಕೊಳ್ಳಲು.
ನನಗೊಮ್ಮೆ ಪುಕ್ಕಟೆ ಸಿಕ್ಕಿತ್ತು:
‘ಎಲೇ ಬಾಗಿಲು ಕಾಯುವವಳೇ,
ನಿನಗೆ ಒಳಗೆ ಯಾರೂ ಇಲ್ಲವೇನೇ?’

ಹೋದ ಫೆಬ್ರವರಿ, ಮನೆ ಮುಂದೆ ಹಿಮ ಗೋರುತ್ತಾ
ಗೋರುವ ಸಲಿಕೆಯ ಮೇಲೆಯೇ ಒರಗಿದನಂತೆ.

ಈ ವರ್ಷ ಆ ಜಾಗಕ್ಕೆ ಯಾರನ್ನೂ ಹಾಕಿಲ್ಲ.
ಹಳಬರು ಹಾದು ಹೋಗುವಾಗ ಒಂದು ನಾಣ್ಯ ಎಸೆದು
ಒಂದು ಗಳಿಗೆ ನಿಲ್ಲುತ್ತಾರೆ.
ಬಿಸಿಲಿಗೆ ಬಿರಿಯಬೇಕಿದ್ದ ಗುಂಡಿಗೆ
ಬೆಳಿಗ್ಗೆ ಗೇಟು ತೆಗೆಯುವ ಮೊದಲೇ ಯಾರೋ ನೀರು ಹೊಯ್ದಿರುತ್ತಾರೆ.
ಯಾರೆಂದು ಕೇಳಬೇಡ.
ನನ್ನ ಬೂಟಿನ ಕಡೆ ನೋಡಬೇಡ.

ಆರಕ್ಕೆ ತೋಪು ಹಾರಿಸುತ್ತಾರೆ. ಬೆಚ್ಚದಿರು, ಮನೆಗೆ ಹೋಗಿ ಎಂದರ್ಥ.
ಕಾರು ಸಿಗದಿದ್ದರೆ ಇಲ್ಲೇ ಬಾ, ಟ್ರ್ಯಾಕ್ಟರಿನವನಿಗೆ ಹೇಳುತ್ತೇನೆ.

ಚಿಲ್ಲರೆ ಇದೆಯಾ ಕೈಯಲ್ಲಿ?
ಇಲ್ಲವಾದರೆ ತಗೋ, ಈ ಎರಡು.
ಎಡಗೈ ಚಾಚು, ಮುದ್ರೆ ಒತ್ತಬೇಕು.
ಹೂಂ. ಮುಂದಿನವರು.