ಒರೆ

ಹಗಲು ಜೀನ್ಸ್ ಯೂನಿಟ್ಟಿನಲ್ಲಿ ಜೇಬು ಹೊಲಿಯುತ್ತೇನೆ,
ದಿನಕ್ಕೆ ಮುನ್ನೂರು, ಎಲ್ಲವೂ ಒಂದೇ ಅಳತೆ.
ಯಾರ ಕೈ ಹೋಗುತ್ತದೋ, ಯಾವ ಊರಿನ ಚಿಲ್ಲರೆ ಬೀಳುತ್ತದೋ
ನನಗೆ ಗೊತ್ತಾಗುವುದಿಲ್ಲ.
ಸಂಜೆ ಕೌಲ್ ಬಜಾರಿನ ಮನೆಗೆ ಬಂದು
ಅಪ್ಪನ ಮಣೆಯ ಮುಂದೆ ಕೂತರೆ
ಒಂದೊಂದಕ್ಕೂ ಒಬ್ಬ ಧಣಿ, ಒಂದು ಸೊಂಟ, ಒಂದು ಚಾಳಿ.

ಬಂಕಿನ ಪಂಪನಗೌಡರಿಗೆ ಬಲಗಡೆ, ಸ್ವಲ್ಪ ಹಿಂದಕ್ಕೆ;
ಹೊಟ್ಟೆ ಅಡ್ಡ ಬರುತ್ತದೆ ಎಂದು ಅವರೇ ನಗುತ್ತಾರೆ.
ಹಲ್ಲಿನ ಡಾಕ್ಟರು ಸುವರ್ಣಲತಾ ಎಡಗೈಯವರು,
ಅವರದಕ್ಕೆ ರಟ್ಟಿನ ಅಚ್ಚನ್ನೇ ಮಗುಚಿ ಕತ್ತರಿಸಬೇಕು.
ಮೊದಲ ಸಲ ಮರೆತು ಒಂದು ಅಡಿ ತೊಗಲು ಹಾಳುಮಾಡಿದ್ದೆ,
ತಮ್ಮನ ಮೊಬೈಲಿಗೊಂದು ಚೀಲವಾಯಿತು.
ಭಾನುವಾರ ಗುಡ್ಡದ ಹಿಂದಿನ ರೇಂಜಿನಲ್ಲಿ
ಕಾಗದದ ಎದೆಗೆ ಹೊಡೆದು,
ದಾದಾ ಖಲಂದರ್ ಖಾಲಿ ತೋಟಾ ಎಣಿಸಿ ಡಬ್ಬಿಗೆ ಹಾಕುವವರೆಗೂ
ಕದಲದೆ ನಿಂತು,
ಆಮೇಲೆ ಇಬ್ಬರೂ ಒಂದೇ ಹೋಟೆಲಿನಲ್ಲಿ ಒಗ್ಗರಣೆ ಮಿರ್ಚಿ ತಿನ್ನುತ್ತಾರಂತೆ,
ರೌಂಡಿಗೆ ಎಷ್ಟಾತು ನೋಡ್ರಿ ಎಂದು ಗೊಣಗುತ್ತಾ.

ನಿಜವಾದದ್ದನ್ನು ನಾನು ಮುಟ್ಟಿಲ್ಲ.
ಲೈಸೆನ್ಸು ಅವರ ಹೆಸರಿಗೆ, ಹಿಡಿಯುವ ಕೈ ಅವರದೇ.
ಗೌಡರು ಆರು ತೂತಿನಲ್ಲೂ ಬೆಳಕು ತೋರಿಸಿ
‘ಖಾಲಿ ಐತೆ ನೋಡಮ್ಮ’ ಎಂದು
ಗೋಡೆಯ ಕಡೆ ಮೂತಿ ಮಾಡಿ ಹಿಡಿದಿರುತ್ತಾರೆ.
ನಾನು ದಾರ ಸುತ್ತಿ ಅಳೆಯುತ್ತೇನೆ,
ಮಲಗಿದ ಕೂಸಿನ ಎದೆ ಅಳೆದ ಹಾಗೆ,
ಉಸಿರು ಹಿಡಿದು, ತಾಗದ ಹಾಗೆ.

ಅಚ್ಚಿಗೆ ಅಪ್ಪ ಕೆತ್ತಿದ ಜಾಲಿ ಕಟ್ಟಿಗೆಯ ರಿವಾಲ್ವರ್ ಇದೆ.
ಕುದುರೆ ಇಲ್ಲ, ತೂತಿಲ್ಲ,
ಹಿಡಿಯ ಮೇಲೆ ಅಪ್ಪನ ಉಳಿ ಜಾರಿದ ಒಂದು ಗೀರು.
ನೆನೆಸಿದ ತೊಗಲನ್ನು ಅದರ ಮೇಲೆಳೆದು
ಹೆಬ್ಬೆರಳಿನಿಂದ ತೀಡುತ್ತೇನೆ. ಎರಡು ರಾತ್ರಿ ಒಣಗುತ್ತದೆ.
ತೊಗಲಿಗೆ ಕಬ್ಬಿಣ ಗೊತ್ತಿಲ್ಲ.
ಅದು ಮೊದಲು ಕಲಿಯುವುದು ಕಟ್ಟಿಗೆಯನ್ನು.

ಎಲೆಕ್ಷನ್ ಘೋಷಣೆಯಾದ ವಾರ
ಎಲ್ಲರೂ ಠಾಣೆಗೆ ಹೋಗಿ ಒಪ್ಪಿಸಿ ಬಂದರು.
ಟವೆಲಿನಲ್ಲಿ ಸುತ್ತಿಕೊಂಡು ಹೋದವರು,
ಊಟದ ಡಬ್ಬಿಯ ಚೀಲದಲ್ಲಿ ಒಯ್ದವರು.
ಒಂದೊಂದಕ್ಕೂ ನಂಬರು ಚೀಟಿ, ಒಂದೊಂದು ರಸೀದಿ.
ಹತ್ತನೇ ದಿನ ಗೌಡರು ಬಂದರು. ಸೊಂಟದಲ್ಲಿ ಬರೀ ಒರೆ,
ಒಳಗೆ ನಾಲ್ಕು ಮಡಿಕೆಯ ರಸೀದಿ.
‘ಹೊಲಿಗೆ ಬಿಟ್ಟೈತೆ’ ಅಂದರು. ಬಿಟ್ಟಿರಲಿಲ್ಲ.
ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಫ್ಯಾನು ನೋಡಿದರು.
‘ಹದಿನೆಂಟು ವರ್ಷ ಆತಮ್ಮ. ಭಾರ ಇಲ್ಲ ಅಂದ್ರ ಎಡಕ್ಕೆ ವಾಲ್ತೀನಿ.
ಬಂಕಿನ ಹುಡುಗ್ರು ನಗ್ತಾರೆ.’
ಆಮೇಲೆ ಚಪ್ಪಲಿ ಹುಡುಕುತ್ತಾ, ಬಾಗಿಲ ಕಡೆ ಮುಖ ಮಾಡಿ:
‘ಆ ಕಟ್ಟಿಗೇದು... ಒಂದು ತಿಂಗಳು ಕೊಡ್ತೀಯಾ?’

ಕೊಟ್ಟೆ. ಒರೆಗೆ ಇಳಿದಾಗ ಚಟ್ ಎಂದಿತು,
ನಿಜವಾದದ್ದು ಕೂತಾಗ ಎಂದೂ ಬರದ ಸದ್ದು.
ಗೌಡರೂ ಕೇಳಿಸಿಕೊಂಡರು.
ಅಂಗಿ ಇಳಿಬಿಟ್ಟು ರಸ್ತೆಗಿಳಿದರು,
ಅದಿರಿನ ಲಾರಿ ಎಬ್ಬಿಸಿದ ಕೆಂಧೂಳಿನಲ್ಲಿ, ನೆಟ್ಟಗೆ.

ಆ ತಿಂಗಳು ಹೊಸದು ಮಾಡಲಿಲ್ಲ, ಮಾಡಿಸುವವರೂ ಇರಲಿಲ್ಲ.
ರಾತ್ರಿ ಮಣೆ ಒರೆಸುವಾಗ ಅದಿದ್ದ ಜಾಗಕ್ಕೆ ಕೈ ನಿಲ್ಲುತ್ತಿತ್ತು.
ಅಪ್ಪ ಕೆತ್ತಿದ್ದು ಊರು ಸುತ್ತುತ್ತಿದೆ,
ಬ್ಯಾಂಕಿಗೆ, ಮದುವೆಯ ಊಟಕ್ಕೆ,
ಗೌಡರ ಬೀಗರ ಮನೆಯ ನಡುಮನೆಗೆ.
ಅಪ್ಪ ಅಂಗಳದಾಚೆ ನಿಂತು
ಚಪ್ಪಲಿಗೆ ಅಳತೆ ತೆಗೆದುಕೊಂಡು ಬರುತ್ತಿದ್ದ ಮನೆ ಅದು.

ಎಣಿಕೆ ಮುಗಿದ ಮೇಲೆ ತಂದುಕೊಟ್ಟರು.
ಬೆವರಿಗೆ ಕಪ್ಪಾಗಿತ್ತು, ಗೀರು ಸವೆದಿತ್ತು.
‘ಬಾಡಿಗೆ ಎಷ್ಟು?’
‘ಹೊರಗೆ ತೆಗೆದು ಯಾರಿಗಾದ್ರೂ ತೋರಿಸಿದಿರೇನ್ರಿ?’
‘ಛೆ ಛೆ.’
‘ಹಂಗಿದ್ರೆ ಬ್ಯಾಡ ಬಿಡ್ರಿ.’
ಹೊಸ ಒರೆಗೆ ಅಳತೆ ಕೊಟ್ಟು ಹೋದರು.
ಹಳೆಯದರಲ್ಲಿ ನಿಜವಾದದ್ದು ಈಗ ಅಲ್ಲಾಡುತ್ತದಂತೆ.
ಯಾಕೆಂದು ನಾನು ಹೇಳಲಿಲ್ಲ,
ತೊಗಲು ನೀರಿಗೆ ಹಾಕಿದೆ.