ರಿವೈಂಡ್ ಮಾಡದ ಕ್ಯಾಸೆಟ್ಟು

ರೂವಿಯ ಹೋಂಡಾ ರೋಡಿನ ಹಿಂದಿನ ಗಲ್ಲಿಯಲ್ಲಿ
ದರ್ಜಿಯಂಗಡಿಗೂ ಶವರ್ಮಾದ ಬೆಂಕಿಗೂ ನಡುವೆ
ನನ್ನದೊಂದು ವೀಡಿಯೋ ಲೈಬ್ರರಿಯಿತ್ತು.
ನನ್ನದೆಂದರೆ, ಬೋರ್ಡಿನಲ್ಲಿ ಅರಬಾಬನ ಹೆಸರು,
ಧೂಳು ಒರೆಸುವ ಬಟ್ಟೆ ನನ್ನದು.

ಡಿಸೆಂಬರು ಬಂತೆಂದರೆ
ಹೊಡೆದಾಟದ ಪಿಚ್ಚರು ಮೇಲಿನ ಕಪಾಟಿಗೆ,
ಹಿಮದ ಪಿಚ್ಚರು ಕೈಗೆಟಕುವ ಸಾಲಿಗೆ.
ಇಂಗ್ಲಿಷು ಹೆಸರು ನಾಲಿಗೆಗೆ ಹತ್ತದೆ
ಗಂಗೊಳ್ಳಿ ಶಾಲೆಯ ಎಂಟನೇ ಕ್ಲಾಸಿನ ಕನ್ನಡದಲ್ಲಿ
ಬೆನ್ನಿಗೆ ಚೀಟಿ ಅಂಟಿಸಿದ್ದೆ:

ನಾಯಿ ಇರುವುದು.
ಅಜ್ಜ ಅಳುವುದು.
ರೈಲು ಸಿಕ್ಕಿಬೀಳುವುದು.
ಮುತ್ತು ಇತ್ತು, ಕತ್ತರಿ ಬಿದ್ದಿದೆ.

ಕ್ರೇನಿನ ಎವುಜಿನ್ ಲೋಬೋಗೆ ವರ್ಷವರ್ಷವೂ ನಾಯಿಯೇ ಬೇಕು.
"ನಮ್ಮ ಶಿರ್ವದ ನಾಯಿಯದೇ ಮುಖ ಮಾರಾಯ" ಎನ್ನುತ್ತ
ಕೌಂಟರಿನ ಮೇಲೆ ಎರಡು ನೆವ್ರಿ ಇಟ್ಟು ಹೋಗುವನು.
ನರ್ಸುಗಳು ಐವರು ಸೇರಿ ಅಜ್ಜನನ್ನು ಒಯ್ಯುವರು,
ಒಟ್ಟಿಗೆ ಅತ್ತರೆ ಹಗುರವಂತೆ.
ಗುಜರಿಯ ಪಠಾಣನೊಬ್ಬ ಬಂದು
ಬರೀ ಹಿಮ ಬೀಳುವುದು ಸಾಕು, ಕತೆ ಬೇಡ ಎಂದ.
ಅವನೂರಲ್ಲಿ ಬೀಳುತ್ತದಂತೆ.
ಆ ಸಾಲಿನಲ್ಲಿ ನಿಂತವರೊಳಗೆ
ನಿಜವಾಗಿ ಹಿಮ ಕಂಡವನು ಅವನೊಬ್ಬನೇ.

ಕನ್ಸೆಪ್ಟಾ ಬಾಯಿ ಬರುವುದು ಶುಕ್ರವಾರ,
ಇಗರ್ಜಿಯ ಪೂಜೆ ಮುಗಿಸಿ, ತಲೆಯ ವೇಲು ಇನ್ನೂ ತೆಗೆಯದೆ.
ಕುರುಮಿನ ದೊಡ್ಡ ಮನೆಯೊಂದರಲ್ಲಿ ಅಡುಗೆಗಿದ್ದವಳು.
ಸ್ಟೋರ್ ರೂಮಿನಲ್ಲಿ ಅವಳ ಚಾಪೆ, ಅಕ್ಕಿ ಮೂಟೆ,
ಮಾಲೀಕರು ಬಿಟ್ಟ ಹಳೇ ಟಿವಿ.
ಅವಳಿಗೆ ಒಂದೇ ಕ್ಯಾಸೆಟ್ಟು. ಚೀಟಿಯಲ್ಲಿ ನಾನು ಬರೆದದ್ದು:
ತಾಯಿ ತಡವಾಗಿ ಬರುವುದು.

ಸುತ್ತಿ ತಾರದಿದ್ದರೆ ನೂರು ಬೈಸಾ ದಂಡವೆಂದು
ಗೋಡೆಯ ಮೇಲೆ ನಾಲ್ಕು ಭಾಷೆಯಲ್ಲಿತ್ತು.
ಅವಳು ಎಂದೂ ಸುತ್ತಿ ತಂದವಳಲ್ಲ.
ಮೊದಲ ವರ್ಷ, ಕೇಳಿಯೇಬಿಡೋಣವೆಂದು ಬಾಯಿಗೆ ಬಂದಿತ್ತು.
ಶಟರು ಎಳೆದು,
ಎಲ್ಲಿ ನಿಲ್ಲಿಸಿದ್ದಾಳೆ ನೋಡೋಣವೆಂದು ಹಾಕಿದೆ.

ಬಾಗಿಲು. ಹೊರಗೆ ಬಿಳಿ ರಾತ್ರಿ.
ಒಬ್ಬ ಹೆಂಗಸು ಒಳಬಂದು
ಮೂರು ಮಕ್ಕಳು ಮಲಗಿದ್ದನ್ನು ಕಂಡು
ಎಬ್ಬಿಸುವುದಿಲ್ಲ.
ಬೂಟು ಬಿಚ್ಚಿ ಕಂಕುಳಲ್ಲಿಟ್ಟು
ಬರಿಗಾಲಲ್ಲಿ ಅವರ ಹೊದಿಕೆ ಸರಿಮಾಡುತ್ತಾಳೆ.
ಅಷ್ಟೆ.
ಮುಂದೆ ಹಾಡಿದೆ, ಕೇಕಿದೆ, ಕಳೆದುಹೋದ ಉಂಗುರ ಸಿಗುವುದಿದೆ.
ಅಲ್ಲಿಯವರೆಗೆ ಅವಳು ಹೋಗಿಯೇ ಇಲ್ಲ.

ದಂಡ ಕೇಳಲಿಲ್ಲ. ಆ ವರ್ಷವೂ, ಮುಂದೆಯೂ.

ಒಂದೇ ಜಾಗದಲ್ಲಿ ಹಿಂದೆ ಮುಂದೆ ಓಡಿ ಓಡಿ
ನಾಲ್ಕನೆಯ ಡಿಸೆಂಬರಿಗೆ ಟೇಪು ಸವೆಯಿತು.
ಬಾಗಿಲು ತೆರೆದದ್ದೇ ಪರದೆ ತುಂಬ ಬಿಳಿ ಚುಕ್ಕೆ.
ನಮ್ಮಲ್ಲಿ ಅದಕ್ಕೆ ಇರುವೆ ಎನ್ನುತ್ತಿದ್ದೆವು.
ಸ್ಪಿರಿಟ್ಟಿನಲ್ಲಿ ಹೆಡ್ಡು ಒರೆಸಿದೆ;
ಹತ್ತಿ ಕಪ್ಪಾಯಿತು, ಇರುವೆ ಹೋಗಲಿಲ್ಲ.
"ಹಾಳಾಗಿದೆ ಬಾಯಮ್ಮ, ದುಬೈಯಿಂದ ಬೇರೆ ತರಿಸುತ್ತೇನೆ" ಎಂದೆ.
"ಬೇಡ ಇದಿನಬ್ಬ, ಇದೇ ಇರಲಿ.
ಈಗ ಹಿಮ ಮನೆಯ ಒಳಗೂ ಬೀಳುತ್ತದೆ.
ಅವಳ ಮುಖವೊಂದು ಕಾಣುವುದಿಲ್ಲ, ಅಷ್ಟೇ ಅಲ್ಲವಾ"
ಎಂದು ಸಹಿ ಹಾಕಿ ಒಯ್ದಳು.

ಮರುವರ್ಷ ಬರಲಿಲ್ಲ.
ಊರಿಗೆ ಹೋದಳೆಂದು ಲೋಬೋ.
ಇಲ್ಲ, ಸಲಾಲಾದ ಇನ್ನೊಂದು ಮನೆಗೆ ಕಳಿಸಿದರೆಂದು ನರ್ಸುಗಳು.
ಇಬ್ಬರೂ ಕಣ್ಣಾರೆ ಕಂಡವರಲ್ಲ.

ಈಗ ಆ ಅಂಗಡಿಯಲ್ಲಿ ಮೊಬೈಲಿಗೆ ಗಾಜು ಅಂಟಿಸುತ್ತಾರೆ.
ಅಂಟಿಸುವವನೂ ನಾನೇ, ಕನ್ನಡಕದ ನಂಬರು ಏರಿದೆ.
ನಾಯಿ, ಅಜ್ಜ, ರೈಲು, ಎಲ್ಲ ಗುಜರಿಗೆ ಹೋದವು.
ಒಂದು ಮಾತ್ರ ಗಲ್ಲಾದ ಕೆಳಗಿದೆ. ಹಾಕಲು ಮಷೀನಿಲ್ಲ.

ಕಿಂಡಿಯಲ್ಲಿ ನೋಡಿದರೆ
ಎಡಕ್ಕೆ ಅರ್ಧ, ಬಲಕ್ಕೆ ಅರ್ಧ.
ನಾನೂ ಸುತ್ತಿಟ್ಟಿಲ್ಲ.
ನೂರು ಬೈಸಾ ಬಾಕಿ, ಯಾರಿಗೆಂದು ಕೊಡಲಿ.